ಹದಿನಾಲ್ಕು ಗ್ರೀಕ್ ಉಡುಗೆ ಮತ್ತು ಒಂದು ಸೀರೆ

ಸರಸ್ವತಿಪುರಂ, ಮೈಸೂರು
8 ಜುಲೈ 2024

ಭವ್ಯಾ,

ಈ ಕಾಗದವನ್ನು ಮೂರು ಸಲ ಶುರುಮಾಡಿದೆ. ಮೊದಲನೆಯದರಲ್ಲಿ ‘ನೀವು’ ಎಂದು ಬರೆದು ಹರಿದುಹಾಕಿದೆ. ಎರಡನೆಯದರಲ್ಲಿ ಕುಶಲ ಕೇಳಿದ್ದೆ. ಎರಡು ವರ್ಷ ಕೇಳದವಳು ಈಗ ಕೇಳಿದರೆ ಹೇಗಿರುತ್ತದೆ ಎನಿಸಿ ಅದನ್ನೂ ಹರಿದೆ. ಇದರಲ್ಲಿ ಕೆಲಸದ ಮಾತಷ್ಟೇ ಬರೆಯುತ್ತೇನೆ.

ಫೋನಿನಲ್ಲಿ ನೀನು ಸಿಗುವುದಿಲ್ಲ. ಅಂಗಡಿಗೇ ಬರಬಹುದಿತ್ತು, ನಮ್ಮ ಮನೆಯಿಂದ ಲಷ್ಕರ್ ಮೊಹಲ್ಲಾಕ್ಕೆ ಸ್ಕೂಟರಿನಲ್ಲಿ ಹದಿನೈದು ನಿಮಿಷ. ಹೋದ ತಿಂಗಳು ನಿಮ್ಮ ರಸ್ತೆಯ ತಿರುವಿನವರೆಗೂ ಬಂದಿದ್ದೆ. ಅಲ್ಲಿ ನಿಂತು, ಬೇಕಿಲ್ಲದಿದ್ದರೂ ಒಂದು ಡಜನ್ ಬಾಳೆಹಣ್ಣು ಕೊಂಡು ವಾಪಸ್ಸು ಹೋದೆ. ಅಂಚೆಯವರಿಗೆ ಈ ಸಂಕೋಚ ಇರುವುದಿಲ್ಲ.

ಡಿಸೆಂಬರ್ 14ಕ್ಕೆ ನಮ್ಮ ಕಾಲೇಜಿನಲ್ಲಿ ನಾಟಕ ಇದೆ. ಬರೆದದ್ದು ನಾನೇ. ಎರಡೂವರೆ ಸಾವಿರ ವರ್ಷದ ಹಿಂದಿನ ಅಥೆನ್ಸ್ ನಗರದ ಕಥೆ. ಆ ಊರಿನ ದೇವಿಗೆ ಹಬ್ಬದ ದಿನ ಒಪ್ಪಿಸಲೆಂದು ಹೆಂಗಸರೂ ಹುಡುಗಿಯರೂ ಸೇರಿ ತಿಂಗಳುಗಟ್ಟಲೆ ಒಂದು ಉಡುಗೆ ನೇಯುತ್ತಿದ್ದರಂತೆ. ನಾವು ಚಾಮುಂಡಿಗೆ ಸೀರೆ ಒಪ್ಪಿಸುವುದಿಲ್ಲವೇ, ಹಾಗೆ. ಹದಿನಾಲ್ಕು ಹುಡುಗಿಯರು, ಹದಿನಾಲ್ಕೂ ಜನ ನೇಯುವವರು. ಕೊನೆಯ ದೃಶ್ಯದಲ್ಲಿ ಆ ಉಡುಗೆಯನ್ನು ಹೊತ್ತು ಮೆರವಣಿಗೆ ಹೊರಡುತ್ತಾರೆ.

ಹನ್ನೊಂದು ವರ್ಷ ನನ್ನ ಎಲ್ಲ ನಾಟಕಗಳಿಗೂ ಬಟ್ಟೆ ಕೊಟ್ಟವಳು ನೀನು. ಹೋದ ವರ್ಷ ಬೇರೆ ಕಡೆಯಿಂದ ತರಿಸಿದೆ. ರಾಣಿಯ ಸೊಂಟಪಟ್ಟಿ ಎರಡನೆಯ ಅಂಕದಲ್ಲಿ ಕಳಚಿ ಬಿತ್ತು. ನನಗೆ ಅದು ತಕ್ಕ ಶಾಸ್ತಿ ಎನಿಸಿತು.

ಈ ಸಲ ನೀನೇ ಮಾಡಿಕೊಡುತ್ತೀಯಾ?

ರಂಜನಿ

*

ಮರಿಸ್ವಾಮಿ ಡ್ರಾಮಾ ಡ್ರೆಸ್ ಸ್ಟೋರ್ಸ್
ಲಷ್ಕರ್ ಮೊಹಲ್ಲಾ, ಮೈಸೂರು
15 ಜುಲೈ 2024

ರಂಜನಿ ಮೇಡಂ ಅವರಿಗೆ,

ತಮ್ಮ ಕಾಗದ ತಲುಪಿತು. ಬರಲು ಮೂರು ದಿನ ತೆಗೆದುಕೊಂಡಿತು. ಸ್ಕೂಟರಿಗಿಂತ ನಿಧಾನ, ಆದರೆ ತಿರುವಿನಿಂದ ವಾಪಸ್ಸು ಹೋಗಲಿಲ್ಲ.

ಗ್ರೀಕ್ ಡ್ರೆಸ್ ನಮ್ಮಲ್ಲಿಲ್ಲ. ಸ್ಟಾಕಿನಲ್ಲಿ ಇರುವುದು ಒನಕೆ ಓಬವ್ವ ಒಂಬತ್ತು, ಭಾರತಮಾತೆ ಆರು, ಕ್ಯಾರೆಟ್ ನಾಲ್ಕು, ಬದನೆಕಾಯಿ ಎರಡು (ಒಂದಕ್ಕೆ ತೊಟ್ಟಿಲ್ಲ), ರೆಕ್ಕೆ ಸಮೇತ ಏಂಜಲ್ ಐದು. ರೆಕ್ಕೆ ಕಿತ್ತರೆ ಏಂಜಲ್ ಗ್ರೀಕ್ ಆಗುತ್ತದೋ ಇಲ್ಲವೋ ಓದಿದವರು ತಾವು, ತಾವೇ ಹೇಳಬೇಕು.

ಹೊಸದಾಗಿ ಹೊಲಿಯಬೇಕೆಂದರೆ ಚಿತ್ರ, ಅಳತೆ, ಬಟ್ಟೆ, ಬಣ್ಣ ನಾಲ್ಕನ್ನೂ ಬರೆದು ತಿಳಿಸಿ. ನನ್ನ ಫೋನ್ ಕೆಟ್ಟಿಲ್ಲ. ಆದರೂ ಬರೆದೇ ತಿಳಿಸಿ.

ಇತಿ,
ಭವ್ಯಶ್ರೀ ದಿಲೀಪ್

ಅತ್ತೆಗೆ ತಮ್ಮ ಕಾಗದ ಓದಿ ಹೇಳಿದೆ. ಆ ತಿರುವಿನ ಬಾಳೆಹಣ್ಣು ಬರೀ ಒಗರಂತೆ. ಇನ್ನೊಂದು ಸಲ ವಾಪಸ್ಸು ಹೋಗುವುದಿದ್ದರೆ ಮಾರ್ಕೆಟ್ಟಿನವರೆಗೆ ಹೋಗಿ ಕೊಳ್ಳಬೇಕಂತೆ.

*

ಸರಸ್ವತಿಪುರಂ
19 ಜುಲೈ 2024

ಭವ್ಯಾ,

‘ತಾವು’ ಎಂದು ಬರೆದು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೀಯ. ನಿಂತಿರುತ್ತೇನೆ. ನಿಮ್ಮತ್ತೆ ಲಕ್ಷ್ಮಮ್ಮನವರು ನನ್ನನ್ನು ಇನ್ನೂ ಬೈಯುತ್ತಾರೆ ಎಂದು ತಿಳಿದು ಸಂತೋಷವಾಯಿತು. ಅವರು ಬೈಯುವುದನ್ನು ಬಿಟ್ಟಿದ್ದರೆ ಹೆದರುತ್ತಿದ್ದೆ.

ಚಿತ್ರ ಇದರೊಂದಿಗಿದೆ. ನನ್ನ ಕೈಬರಹದ ಹಾಗೆ ಚಿತ್ರವೂ ಸುಮಾರು. ಉದ್ದನೆಯ ನಿಲುವಂಗಿ, ತೋಳಿಲ್ಲ, ಕತ್ತು ದುಂಡಗೆ, ಸೊಂಟಕ್ಕೆ ದಾರ. ಹುಡುಗಿಯರ ಅಳತೆ ಹಿಂದಿನ ಪುಟದಲ್ಲಿದೆ. ಬಟ್ಟೆ ಕಾಟನ್, ದೇವರಾಜ ಮೊಹಲ್ಲಾದ ಅಂಗಡಿಯವರು ಒಂದು ಪೂರಾ ಥಾನನ್ನು ನಿಮ್ಮಲ್ಲಿಗೇ ಮುಟ್ಟಿಸುತ್ತಾರೆ. ಮುಖ್ಯ ಪಾತ್ರ ಮಾಡುವ ಗಾರ್ಗಿ ಅಳತೆ ನೋಡಲು ಬರುತ್ತಾಳೆ. ಬಿ.ಎ. ಎರಡನೆಯ ವರ್ಷ, ಮಾತು ಸ್ವಲ್ಪ ಜಾಸ್ತಿ.

ಬಣ್ಣ ಬಿಳಿ. ಗ್ರೀಸ್ ಎಂದರೆ ನನ್ನ ಕಣ್ಣಿಗೆ ಬರುವುದು ಬಿಳಿಯೇ. ಕಾನ್ವೆಂಟಿನ ಚರಿತ್ರೆ ಪುಸ್ತಕದಲ್ಲಿದ್ದ ಅಮೃತಶಿಲೆಯ ಹೆಂಗಸರೆಲ್ಲ ಬಿಳಿ. ಘನತೆ ಇರುವ, ಶಾಂತ ಬಣ್ಣ.

ರಂಜನಿ

*

ಲಷ್ಕರ್ ಮೊಹಲ್ಲಾ
2 ಆಗಸ್ಟ್ 2024

ರಂಜನಿ ಮೇಡಂ ಅವರಿಗೆ,

ಥಾನು ಬಂತು. ತಮ್ಮ ಚಿತ್ರದ ಪ್ರಕಾರ ಒಂದು ಸ್ಯಾಂಪಲ್ ಕತ್ತರಿಸಿ ಹೊಲಿದೆ. ಗಾರ್ಗಿ ನಿನ್ನೆ ಬಂದು ಹಾಕಿಕೊಂಡಳು. ಕನ್ನಡಿ ಮುಂದೆ ನಿಂತು ಹಿಂದೆ ಮುಂದೆ ತಿರುಗಿ ನೋಡಿಕೊಂಡಳು. ಆಮೇಲೆ, “ಅಕ್ಕಾ, ಬೆಳಿಗ್ಗೆ ಎದ್ದು ಗೇಟಿಗೆ ಹಾಲು ತಗೊಳೋಕೆ ಬಂದಂಗಿದೀನಿ ಕಣಕ್ಕ,” ಅಂದಳು.

ನೈಟಿ. ತಾವು ಬರೆದು ಕಳಿಸಿರುವುದು ನೈಟಿಯ ಚಿತ್ರ.

ಅಷ್ಟರಲ್ಲಿ ಅತ್ತೆ ಒಳಗಿಂದ ಬಂದವರು ಕನ್ನಡಕ ಏರಿಸಿ ನೋಡಿ, “ಯಾವ ವಾರ್ಡಲ್ಲಿ ಮಲಗ್ಸವ್ರೆ ಮಗ ನಿನ್ನ? ಊಟ ಸರಿಯಾಗಿ ಕೊಡ್ತಾರಾ?” ಎಂದು ಕೇಳಿದರು. ಗಾರ್ಗಿ ನಕ್ಕು ನಕ್ಕು ಒಂದು ಹೊಲಿಗೆ ಬಿಚ್ಚಿಹೋಯಿತು.

ಉಳಿದದ್ದಕ್ಕೆ ಕತ್ತರಿ ಹಾಕಿಲ್ಲ. ಹಾಕುವ ಮೊದಲು ಒಂದು ಮಾತು ಕೇಳಬೇಕು. ಹಬ್ಬ ಅನ್ನುತ್ತೀರಿ, ದೇವಿ ಅನ್ನುತ್ತೀರಿ, ಮೆರವಣಿಗೆ ಅನ್ನುತ್ತೀರಿ. ಹಬ್ಬಕ್ಕೆ ಹೊರಟ ಹದಿನಾಲ್ಕು ಹೆಂಗಸರಿಗೂ ಬಿಳಿಯೇ? ಅಷ್ಟೂ ಜನರ ಮನೆಯಲ್ಲಿ ಏನಾಗಿತ್ತು?

‘ಶಾಂತ ಬಣ್ಣ’ ಎಂಬ ಮಾತನ್ನು ತಾವು ಇದಕ್ಕೆ ಮುಂಚೆಯೂ ಒಮ್ಮೆ ಬರೆದು ಕಳಿಸಿದ್ದಿರಿ. ಆ ಕಾರ್ಡು ನನ್ನ ಹತ್ತಿರ ಇದೆ.

ಭವ್ಯಶ್ರೀ

*

ಸರಸ್ವತಿಪುರಂ
11 ಆಗಸ್ಟ್ 2024

ಭವ್ಯಾ,

ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ನಾಟಕ ಬರೆದವಳಿಗೆ ತನ್ನ ಪಾತ್ರಗಳು ಏನು ಉಟ್ಟಿದ್ದಾರೆ ಎಂದು ಗೊತ್ತಿಲ್ಲ ಎನ್ನುವುದು ನಾಚಿಕೆಯ ವಿಷಯ. ಒಂದು ವಾರ ಲೈಬ್ರರಿಯಲ್ಲಿ ಕೂತೆ. ಈಗ ಬರೆಯುವುದನ್ನು ದಯವಿಟ್ಟು ಕತ್ತರಿ ಕೆಳಗಿಟ್ಟು ಓದು.

ಆ ಹೆಂಗಸರ ಉಡುಗೆಯಲ್ಲಿ ಕತ್ತರಿಯ ಕೆಲಸವೇ ಇರಲಿಲ್ಲ. ಮಗ್ಗದಿಂದ ಇಳಿದ ಆಯತಾಕಾರದ ಬಟ್ಟೆ, ಸೀರೆಯ ಹಾಗೆ. ಎರಡು ಬಗೆ. ಒಂದು ಉಣ್ಣೆಯದು, ದಪ್ಪ, ಹೆಸರು ಪೆಪ್ಲೋಸ್. ಉದ್ದಕ್ಕೆ ಹಿಡಿದು, ಮೇಲಿನ ಅಂಚನ್ನು ಹೊರಕ್ಕೆ ಸೊಂಟದವರೆಗೂ ಮಡಚಿ, ಮೈಗೆ ಸುತ್ತಿ, ಎರಡು ಭುಜದ ಮೇಲೆ ಎರಡು ಪಿನ್ನು. ಇನ್ನೊಂದು ತೆಳು ನಾರಿನ ಬಟ್ಟೆಯದು, ಖಿಟೋನ್. ಅದು ಬಹಳ ಅಗಲ. ಭುಜದಿಂದ ತೋಳಿನುದ್ದಕ್ಕೂ ಅಲ್ಲಲ್ಲಿ ಸಿಕ್ಕಿಸಿದರೆ ತೋಳು ತಾನಾಗಿ ಆಗುತ್ತದೆ. ಸೊಂಟಕ್ಕೆ ಪಟ್ಟಿ ಕಟ್ಟಿ, ಬಟ್ಟೆಯನ್ನು ಸ್ವಲ್ಪ ಮೇಲಕ್ಕೆಳೆದು ಪಟ್ಟಿಯ ಮೇಲೆ ಜೋಲುಬಿಟ್ಟರೆ ಉದ್ದ ಸರಿಹೋಗುತ್ತದೆ. ಹೊರಗೆ ಹೋಗುವಾಗ ಮೇಲೊಂದು ಹೊದಿಕೆ, ಬೇಕಾದರೆ ತಲೆಯ ಮೇಲೂ ಎಳೆದುಕೊಳ್ಳಬಹುದು. ಒಂದೇ ಬಟ್ಟೆ ಕುಳ್ಳಿಗೂ ಆಗುತ್ತದೆ, ಉದ್ದದವಳಿಗೂ ಆಗುತ್ತದೆ. ನಾನು ಹಿಂದಿನ ಪುಟದಲ್ಲಿ ಬರೆದ ಅಳತೆಗಳೆಲ್ಲ ದಂಡ.

ಬೆಡ್‌ಶೀಟ್ ಹಿಡಿದು ಪ್ರಯತ್ನಿಸಿದೆ. ಅಮ್ಮ ಬಾಗಿಲಲ್ಲಿ ಬಂದು ನಿಂತದ್ದು ಗೊತ್ತಾಗಲಿಲ್ಲ. “ರಂಜನಿ, ಒಗೆಯೋಕೆ ಹಾಕಿದ್ದನ್ನ ಯಾಕೆ ಸುತ್ತಿಕೊಂಡಿದೀಯೆ?” ಎಂದರು. ಗ್ರೀಸ್ ಎಂದೆ. “ಗ್ರೀಸ್ ಕಲೆ ಸೋಪಿಗೆ ಹೋಗಲ್ಲ, ಸೀಮೆಎಣ್ಣೆ ಹಾಕು,” ಎಂದು ಒಳಗೆ ಹೋದರು.

ಇನ್ನು ಬಣ್ಣ. ಅವರು ಬರೀ ಬಿಳಿಯನ್ನೇ ಉಡುತ್ತಿರಲಿಲ್ಲ. ಕೇಸರಿ, ನೇರಳೆ, ಕೆಂಪು, ಅಂಚಿನ ತುಂಬ ಚಿತ್ತಾರ. ಕೇಸರಿಯಂತೂ ಹೆಂಗಸರದೇ ಬಣ್ಣ, ಹಬ್ಬದ ಬಣ್ಣ. ದೇವಿಗೆ ನೇಯುತ್ತಿದ್ದ ಉಡುಗೆಯಲ್ಲೂ ಅದೇ. ಕಲ್ಲಿನ ಪ್ರತಿಮೆಗಳಿಗೂ ಬಣ್ಣ ಬಳಿದಿದ್ದರು. ಮಳೆ ಬಿಸಿಲಿಗೆ, ಮಣ್ಣಿನಡಿ ಹೂತು ಅದು ಅಳಿಸಿಹೋಯಿತು. ಆಮೇಲೆ ಬಂದವರು ಬೋಳು ಕಲ್ಲನ್ನು ನೋಡಿ, ಆಹಾ ಎಂಥ ಘನತೆ, ಎಂಥ ಶಾಂತಿ ಎಂದರು. ಕಳೆದುಹೋದದ್ದನ್ನು ಅವರ ಗುಣ ಎಂದುಕೊಂಡರು.

ಇದನ್ನು ಓದಿದಾಗ ಗ್ರೀಸ್ ಅಲ್ಲದೆ ಇನ್ನೊಂದು ನೆನಪಾಯಿತು. ಅದನ್ನು ಬರೆಯುವ ಧೈರ್ಯ ಈ ಕಾಗದಕ್ಕೆ ಬಂದಿಲ್ಲ.

ಬಿಳಿ ಥಾನಿಗೆ ಬಣ್ಣ ಹಾಕಬಹುದೇ?

ರಂಜನಿ

*

ಲಷ್ಕರ್ ಮೊಹಲ್ಲಾ
20 ಆಗಸ್ಟ್ 2024

ರಂಜನಿ ಮೇಡಂ ಅವರಿಗೆ,

ತಮ್ಮ ಕಾಗದವನ್ನು ಅತ್ತೆಗೆ ಜೋರಾಗಿ ಓದಿದೆ. “ಕತ್ತರಿ ಇಲ್ಲ” ಅಂದಾಗ ತಲೆಯಾಡಿಸಿದರು. “ಭುಜದ ಮೇಲೆ ಪಿನ್ನು” ಅಂದಾಗ ಕೈಲಿದ್ದ ಹುರುಳಿಕಾಯಿ ಬದಿಗಿಟ್ಟು ಎದ್ದರು.

“ಇದನ್ನ ಓದೋಕೆ ಒಂದು ವಾರ ಬೇಕಾಯ್ತಾ ಇಂಗ್ಲಿಷ್ ಮೇಡಮ್ಮಂಗೆ? ನಮ್ಮವ್ವ ಇಂಗೇ ಅಲ್ವಾ ಉಡ್ತಿದ್ದುದು. ರವಕೆ ಎಲ್ಲಿತ್ತು ಆಗ? ಭುಜದ್ ಮ್ಯಾಲೆ ಒಂದು ಗಂಟು ಬಿಗಿದ್ರೆ ನಾಟಿ ಮುಗಿಯೋಗಂಟ ಸಡ್ಲ ಆಯ್ತಿರ್ಲಿಲ್ಲ. ತತ್ತಾ ಇಲ್ಲಿ.”

ಥಾನಿನಿಂದ ಒಂದು ತುಂಡು ಹರಿದು ಕೊಟ್ಟೆ. ಸೀರೆಯ ಮೇಲೇ ಸುತ್ತಿಕೊಂಡರು. ಮೇಲಿನ ಮಡಿಕೆ, ಎರಡು ಭುಜ, ಸೊಂಟಕ್ಕೆ ನನ್ನ ಟೇಪು. ಆಮೇಲೆ ಬಟ್ಟೆಯನ್ನು ಮೇಲಕ್ಕೆಳೆದು ಜೋಲುಬಿಟ್ಟು, ಆ ಮಡಿಲಿಗೆ ಎಲೆ ಅಡಿಕೆ ಚೀಲ, ಕನ್ನಡಕದ ಡಬ್ಬಿ, ನಾಲ್ಕು ಹುರುಳಿಕಾಯಿ ಇಳಿಬಿಟ್ಟು, “ಎಲ್ಲಾದ್ರೂ ಬಿದ್ದೋದದಾ ನೋಡು,” ಎಂದು ಅಂಗಡಿಯ ತುಂಬ ಓಡಾಡಿದರು. ಎಪ್ಪತ್ತೆಂಟು ವರ್ಷ. ಯಾರದೋ ಮಗುವಿಗೆ ಕ್ಯಾರೆಟ್ ಡ್ರೆಸ್ ಕೇಳಲು ಬಂದಿದ್ದವರು ಇದನ್ನೇ ಕೊಡಿ ಅಂದರು.

ನಾನೂ ಉಟ್ಟು ನೋಡಿದೆ. ನಡೆದರೆ ನೆರಿಗೆ ನಮ್ಮ ಜೊತೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಇಷ್ಟು ವರ್ಷ ಬಟ್ಟೆಯನ್ನು ತುಂಡು ಮಾಡಿ ಮತ್ತೆ ಕೂಡಿಸುವುದೇ ಕಸುಬು ಅಂದುಕೊಂಡಿದ್ದೆ. ಸುಮ್ಮನೆ ಬಿಟ್ಟರೂ ಬಟ್ಟೆಗೆ ತಾನು ಏನು ಮಾಡಬೇಕೆಂದು ಗೊತ್ತಿರುತ್ತದೆ. ಬಹಳ ದಿನದ ಮೇಲೆ ಕನ್ನಡಿ ಮುಂದೆ ಇಷ್ಟು ಹೊತ್ತು ನಿಂತೆ ಕಣೇ.

ಮೇಲಿನ ಸಾಲಿನ ಕೊನೆಯ ಪದವನ್ನು ತಾವು ಓದಬಾರದು. ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ ಎಂದು ಬಿಟ್ಟಿದ್ದೇನೆ.

ಬಣ್ಣ ಹಾಕಬಹುದು. ದಸರಾ ಮುಗಿಯಲಿ. ಸೀಸನ್ನಿನಲ್ಲಿ ಕೈ ಬಿಡುವಿರುವುದಿಲ್ಲ.

ಭವ್ಯಶ್ರೀ

*

ಸರಸ್ವತಿಪುರಂ
6 ಸೆಪ್ಟೆಂಬರ್ 2024
ಗೌರಿಹಬ್ಬ

ಭವ್ಯಾ,

ಬೆಳಿಗ್ಗೆ ಮೊರಗಳಿಗೆ ಅರಿಶಿನ ಹಚ್ಚುತ್ತಾ ಕೂತಿದ್ದೆ. ಅಮ್ಮ ಎಣಿಸಿ, “ಒಂದು ಜೊತೆ ಹೆಚ್ಚಿದೆಯಲ್ಲ,” ಎಂದರು. ಹೌದು ಎಂದೆ.

ಇನ್ನು ತಿರುವಿನಲ್ಲಿ ನಿಲ್ಲುವುದಿಲ್ಲ, ಹೇಳಿಬಿಡುತ್ತೇನೆ.

ಒಂಬತ್ತು ಗೌರಿಹಬ್ಬ ನಾನು ನಿನಗೆ ಬಾಗಿನ ಕೊಟ್ಟೆ, ನೀನು ನನಗೆ ಕೊಟ್ಟೆ. ಅಕ್ಕಿ, ಬೇಳೆ, ಬಳೆ, ಕನ್ನಡಿ, ರವಿಕೆ ಕಣ. ನನಗೆ ಆ ಶಾಸ್ತ್ರದಲ್ಲಿ ನಂಬಿಕೆ ಇಲ್ಲ ಎಂದು ಪ್ರತಿ ವರ್ಷ ಹೇಳುತ್ತಿದ್ದೆ, ಪ್ರತಿ ವರ್ಷ ನಿಮ್ಮ ಮನೆಯ ಒಬ್ಬಟ್ಟು ತಿನ್ನುತ್ತಿದ್ದೆ. 2022ರ ಏಪ್ರಿಲ್‌ನಲ್ಲಿ ದಿಲೀಪ್ ತೀರಿಹೋದರು. ಆಗಸ್ಟ್ ಕೊನೆಗೆ ಗೌರಿ ಬಂದಳು. ಬಾಗಿನ ಮುತ್ತೈದೆಯರಿಗೆ ಎನ್ನುತ್ತಾರೆ. ತೆಗೆದುಕೊಂಡು ಹೋದರೆ ನಿನಗೆ ನೋವಾಗಬಹುದೇ, ಹೋಗದಿದ್ದರೆ ನೋವಾಗಬಹುದೇ ಎಂದು ಮೂರು ದಿನ ಯೋಚಿಸಿದೆ. ಯೋಚನೆ ಮಾಡುವುದನ್ನೇ ನಾನು ಸೂಕ್ಷ್ಮತೆ ಎಂದುಕೊಂಡಿದ್ದೇನೆ. ಕೊನೆಗೆ ಕೆನೆಬಣ್ಣದ ರೇಷ್ಮೆ ಸೀರೆಯೊಂದನ್ನು ಆರಿಸಿ, ‘ನಿನಗೆ ಒಪ್ಪುವ ಶಾಂತ ಬಣ್ಣ’ ಎಂದು ಕಾರ್ಡು ಬರೆದು ಕೊರಿಯರ್ ಮಾಡಿದೆ. ಸಣ್ಣ ಮೆರೂನ್ ಅಂಚು. ರವಿಕೆ ಕಣ ಇಡಲಿಲ್ಲ. ಅದನ್ನು ಇಟ್ಟರೆ ಬಾಗಿನವಾಗಿಬಿಡುತ್ತದೆ ಎಂದು ತೆಗೆದಿಟ್ಟೆ. ಅಷ್ಟರ ಮಟ್ಟಿಗೆ ಲೆಕ್ಕ ಹಾಕಿದ್ದೆ.

ಅಮ್ಮ ಹೇಳಿದರು ಎಂದೋ, ಜನ ಏನೆಂದುಕೊಳ್ಳುತ್ತಾರೆ ಎಂದೋ ಬರೆದರೆ ಸುಲಭವಾಗುತ್ತಿತ್ತು. ಯಾರೂ ಏನೂ ಹೇಳಲಿಲ್ಲ. ನಂಬಿಕೆ ಇಲ್ಲ ಎನ್ನುತ್ತಿದ್ದ ನಾನೇ ನಿನ್ನ ಬಣ್ಣವನ್ನು ತೊಳೆದು, ಅದನ್ನು ಘನತೆ ಎಂದು ಕರೆದೆ.

ಇನ್ನೊಂದು ವಿಷಯ ಓದಿದೆ. ಗ್ರೀಕರ ಒಂದು ಊರಿನಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ಕಾನೂನು ಸಿಕ್ಕಿದೆ. ಸಾವಾದ ಮನೆಯ ಹೆಂಗಸರು ಮಂಕು ಬಣ್ಣ ಉಡಬೇಕು, ಆದರೆ ಕೊಳೆಯಾಗಿರಬಾರದು. ಐದನೆಯ ತಿಂಗಳಿಗೆ ಅವರು ದುಃಖದಿಂದ ಎದ್ದು ಮೆರವಣಿಗೆಗಳಿಗೆ ಹೊರಡಬೇಕು. ಇಷ್ಟವಿದ್ದರೆ ಅಲ್ಲ, ಕಡ್ಡಾಯವಾಗಿ.

ಏಪ್ರಿಲ್‌ನಿಂದ ಬೆರಳು ಮಡಚಿದೆ. ಆ ಸೀರೆ ನಿನ್ನ ಬಾಗಿಲಿಗೆ ಬಂದದ್ದು ಐದನೆಯ ತಿಂಗಳಲ್ಲಿ.

ಹೆಚ್ಚಾದ ಮೊರದ ಜೊತೆ ದೇವರ ಮನೆಯಲ್ಲಿದೆ. ನೀನು ಬಾ ಎಂದರೆ ತರುತ್ತೇನೆ. ಬೇಡ ಎಂದರೆ ಅಲ್ಲೇ ಇರುತ್ತದೆ.

ರಂಜನಿ

*

ಸರಸ್ವತಿಪುರಂ
28 ಸೆಪ್ಟೆಂಬರ್ 2024

ಭವ್ಯಾ,

ಉತ್ತರಕ್ಕಾಗಿ ಬರೆಯುತ್ತಿಲ್ಲ. ಸೀಸನ್ ಎಂದು ಗೊತ್ತು. ಹುಡುಗಿಯರು ಹಳೆಯ ಪಂಚೆಗಳನ್ನು ಸುತ್ತಿಕೊಂಡು ಅಭ್ಯಾಸ ಮಾಡುತ್ತಿದ್ದಾರೆ. ಗಾರ್ಗಿ ಮಡಿಲಲ್ಲಿ ಮೊಬೈಲ್ ಇಟ್ಟುಕೊಂಡಿದ್ದಳು. ದೇವಿಗೆ ಪ್ರಾರ್ಥನೆ ಮಾಡುವಾಗ ಅವರಮ್ಮನ ಫೋನ್ ಬಂತು. ನಿನಗೆ ಹೇಳಬೇಕೆನಿಸಿತು, ಅಷ್ಟೆ. ನಗು ಬಂದಾಗಲೆಲ್ಲ ನಿನಗೆ ಹೇಳುವ ಅಭ್ಯಾಸ ಇನ್ನೂ ಹೋಗಿಲ್ಲ.

ರಂಜನಿ

*

ಲಷ್ಕರ್ ಮೊಹಲ್ಲಾ
24 ಅಕ್ಟೋಬರ್ 2024

ರಂಜನಿ,

ದಸರಾ ಮುಗಿಯಿತು. ಆರು ಭಾರತಮಾತೆಯರು ಹೋಗಿ ಐದು ಜನ ವಾಪಸ್ಸು ಬಂದಿದ್ದಾರೆ.

ಬಣ್ಣ ಹಾಕಿದೆವು. ಹಿತ್ತಿಲಲ್ಲಿ ಒಲೆ ಹೂಡಿ, ಮದುವೆಯ ಅನ್ನದ ಹಂಡೆ ತಂದು. ಮೊದಲ ಹಂಡೆ ಕೆಟ್ಟಿತು. ಕೇಸರಿ ಅಂದುಕೊಂಡು ಎತ್ತಿದರೆ ಕೇಸರಿಬಾತ್. ಅತ್ತೆ, “ದ್ರಾಕ್ಷಿ ಗೋಡಂಬಿ ಹಾಕ್ಬುಡು, ಬಡಿಸ್ಬುಡೋಣ,” ಅಂದರು. ಎರಡನೆಯದು ಚೆನ್ನಾಗಿ ಬಂತು. ನಾಲ್ಕು ಕೇಸರಿ, ನಾಲ್ಕು ನೇರಳೆ, ಮೂರು ಕೆಂಪು, ಮೂರು ಹಸಿರು. ಕೆಟ್ಟದ್ದು ದೇವಿಯ ಉಡುಗೆಗೆ ಒಳಪದರ. ನೀನು ಬರೆದ ನೈಟಿಯನ್ನು ಅತ್ತೆ ತಮ್ಮ ಪೆಟ್ಟಿಗೆಗೆ ಸೇರಿಸಿಕೊಂಡಿದ್ದಾರೆ. ಆಸ್ಪತ್ರೆಗೆ ಹೋಗೋ ದಿನ ಬಂದರೆ ಬೇಕಾಗತ್ತಂತೆ.

ಈಗ ನಿನ್ನ ಗೌರಿಹಬ್ಬದ ಕಾಗದಕ್ಕೆ.

ಹಬ್ಬದ ದಿನವೇ ಬರೆದಿದ್ದೀಯ, ಬಂದದ್ದು ಮೂರು ದಿನದ ಮೇಲೆ. ನಾಲ್ಕು ಸಲ ಓದಿದೆ. ಎರಡು ಸಲ ಸಿಟ್ಟು ಬಂತು. ನೀನು ಚೆನ್ನಾಗಿ ಬರೆಯುತ್ತೀಯ, ಅದಕ್ಕೇ ಸಿಟ್ಟು.

ನನಗೆ ಬಾಗಿನ ಬೇಕಿರಲಿಲ್ಲ ಕಣೇ. ದಿಲೀಪ್ ಹೋದ ಮೇಲೆ ಬಂದ ಮೊದಲ ಹಬ್ಬ. ಏನೂ ಮಾಡುವುದು ಬೇಡ ಅಂದೆ. ಅತ್ತೆ ಕೇಳಲಿಲ್ಲ. “ರಂಜನವ್ವ ಬತ್ತಾಳೆ, ಒಬ್ಬಟ್ಟಿಲ್ದೆ ಕಳ್ಸೋಕಾಯ್ತದಾ,” ಎಂದು ತಾವೇ ಕೂತು ತಟ್ಟಿದರು. ಮಗ ಸತ್ತು ಐದು ತಿಂಗಳಾಗಿರಲಿಲ್ಲ. ನಾನು ಬಾಗಿಲಲ್ಲಿ ಕೂತಿದ್ದೆ. ಮೂರೂವರೆಗೆ ಬೈಕು ನಿಂತಿತು. ಕೊರಿಯರ್. ಸಹಿ ಮಾಡಿ ತಗೊಂಡೆ.

ನಾನು ಬಿಳಿ ಉಟ್ಟವಳಲ್ಲ. ಹದಿಮೂರನೆಯ ದಿನ ಯಾರೋ ಆ ಮಾತು ಎತ್ತಿದಾಗ ಅತ್ತೆ ಎದ್ದು ನಿಂತು, “ನನ್ ಮಗ ಆಸೆಪಟ್ಟು ತಂದ ಸೀರೆ ಪೆಟ್ಟಿಗೇಲಿ ಕೊಳೀಬೇಕಾ? ಉಟ್ಕೊಳವ್ವ ನೀನು,” ಅಂದಿದ್ದರು. ಓದು ಬರಹ ಬರದವರು. ಮೂರು ದಿನ ಯೋಚನೆ ಮಾಡದೆ ಹೇಳಿದರು. ಹಾಗಾಗಿ ನಿನ್ನ ಪಾರ್ಸಲ್ ಬಿಚ್ಚಿದಾಗ ಬಂದದ್ದು ದುಃಖ ಅಲ್ಲ. ಇವಳಿಗೂ ನಾನು ಹೀಗೇ ಕಂಡೆನಾ ಅನ್ನಿಸಿತು. ಅಷ್ಟೇ. ಫೋನಿನಲ್ಲಿ ಅದನ್ನು ಹೇಳಲು ಬರಲಿಲ್ಲ, ಅದಕ್ಕೆ ನಿನ್ನ ನಂಬರನ್ನೇ ಬ್ಲಾಕ್ ಮಾಡಿದೆ.

ನಿನ್ನ ಕಾಗದ ಓದಿ ಮುಗಿಸಿದ ಮೇಲೆ ಅತ್ತೆ ಕೇಳಿದ್ದು ಒಂದೇ. “ಐದ್ನೇ ತಿಂಗಳು ಅಂತ ಕಲ್ಲಲ್ಲೇ ಬರ್ಸಿದ್ರಾ? ಬುದ್ಧಿವಂತ್ರು.”

ಮೊರ ಈಗ ತರಬೇಡ. ಹಬ್ಬ ಮುಗಿದ ಮೇಲೆ ತಂದರೆ ಅದು ಬರೀ ಅಕ್ಕಿ ಬೇಳೆ. ಅಂಗಡಿಗೂ ಬರಬೇಡ, ನನಗೆ ಇನ್ನೂ ಸ್ವಲ್ಪ ಸಿಟ್ಟಿದೆ. ಬಟ್ಟೆಯನ್ನು ನಾನೇ ಡಿಸೆಂಬರ್ 14ಕ್ಕೆ ಹಾಲಿಗೆ ತರುತ್ತೇನೆ. ಹದಿನಾಲ್ಕು ಹುಡುಗಿಯರಿಗೆ ಉಡಿಸುವುದು ನಿನ್ನ ಕೈಲಾಗದು. ಬೆಡ್‌ಶೀಟಿನ ಕಥೆ ಗೊತ್ತಲ್ಲ.

ಭವ್ಯ

*

ಸರಸ್ವತಿಪುರಂ
16 ಡಿಸೆಂಬರ್ 2024

ಭವ್ಯಾ,

ಮೊನ್ನೆ ನೀನು ಮಾತಿಗೆ ಸಿಗದೆ ಹೊರಟುಹೋದೆ. ಅದಕ್ಕೇ ಮತ್ತೆ ಕಾಗದ.

ಬೆಳಿಗ್ಗೆ ಗ್ರೀನ್‌ರೂಮಿನ ಬಾಗಿಲಿಗೆ ನೀನು ಒಳಗಿನಿಂದ ಚಿಲಕ ಹಾಕಿಸಿದೆ. ಹೊರಗೆ ನಿಂತು ನಾನು ಕೇಳಿದ್ದು ಲಕ್ಷ್ಮಮ್ಮನವರ ಧ್ವನಿ. “ಹೊಟ್ಟೆ ಒಳಕ್ಕೆಳ್ಕೊ. ಉಸಿರು ಬುಡು. ಪಿನ್ನು ಚುಚ್ತಾ? ಚುಚ್ಲಿ, ಗಂಡಸ್ರು ದೂರ ಇರ್ತಾರೆ.” ಬಾಗಿಲು ತೆಗೆದಾಗ ಹುಡುಗಿಯರು ಒಬ್ಬೊಬ್ಬರಾಗಿ ಹೊರಗೆ ಬಂದರು. ಕೇಸರಿ, ನೇರಳೆ, ಕೆಂಪು, ಹಸಿರು. ದಿನವೂ ಜೀನ್ಸಿನಲ್ಲಿ ಬೆನ್ನು ಬಗ್ಗಿಸಿಕೊಂಡು ಓಡಾಡುವವರು ಅಂದು ನೆಟ್ಟಗೆ ನಡೆದರು. ಭುಜದ ಮೇಲೆ ನಿಂತ ಬಟ್ಟೆ ಅಲ್ಲವೇ, ಭುಜ ಬಾಗಿಸಿದರೆ ಜಾರುತ್ತದೆ. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ನಾಟಕದ ಬಗ್ಗೆ ನೀನೇ ನೋಡಿದ್ದೀಯ. ಮೂರನೆಯ ದೃಶ್ಯದಲ್ಲಿ ಮಾತು ಮರೆತವಳು ನೇಯುತ್ತಾ ಸುಮ್ಮನೆ ಗುನುಗಿದಳು. ಪ್ರಿನ್ಸಿಪಾಲರು ಆ ಭಾಗ ಬಹಳ ಮಾರ್ಮಿಕವಾಗಿತ್ತು ಎಂದರು. ಮುಂದಿನ ಸಾಲಿನಲ್ಲಿ ಲಕ್ಷ್ಮಮ್ಮನವರ ಪಕ್ಕ ಕೂತಿದ್ದ ಅಮ್ಮ ನಾಟಕದುದ್ದಕ್ಕೂ ಅವರಿಗೆ ಏನೋ ಹೇಳುತ್ತಿದ್ದರು. ಬೆಡ್‌ಶೀಟಿನ ವಿಷಯ ಎಂದು ಆಮೇಲೆ ತಿಳಿಯಿತು.

ಕೊನೆಯ ದೃಶ್ಯಕ್ಕೆ ನಾನು ರಂಗದ ಬದಿಯ ವಿಂಗಿನಲ್ಲಿ ನಿಂತಿದ್ದೆ. ಹುಡುಗಿಯರು ಹಾಲಿನ ಹಿಂಬಾಗಿಲಿನಿಂದ ದೇವಿಯ ಉಡುಗೆಯನ್ನು ಹಿಡಿದು, ಪ್ರೇಕ್ಷಕರ ನಡುವೆ ನಡೆದು ರಂಗಕ್ಕೆ ಬರಬೇಕು. ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು. ಯಾರಾದರೂ ತಪ್ಪಿಸಿಕೊಂಡಾರು ಎಂದು ಎಣಿಸುವುದು ನನ್ನ ಅಭ್ಯಾಸ. ಎಣಿಸಿದೆ. ಹದಿನೈದು ಬಂತು. ತಪ್ಪಾಯಿತೆಂದು ಮತ್ತೆ ಎಣಿಸಿದೆ. ಹದಿನೈದೇ.

ಹದಿನೈದನೆಯವಳು ಗ್ರೀಕ್ ಉಡುಗೆಯಲ್ಲಿರಲಿಲ್ಲ. ಸೀರೆ ಉಟ್ಟಿದ್ದಳು. ಹುಡುಗಿಯರ ಹತ್ತಿಬಟ್ಟೆಗಿಂತ ಗಾಢವಾದ ಕೇಸರಿ, ರೇಷ್ಮೆಯ ಹೊಳಪು. ದೀಪದ ಕೆಳಗೆ ಬಂದಾಗ ಅಂಚು ಕಂಡಿತು. ಸಣ್ಣ ಮೆರೂನ್ ಅಂಚು.

ಭವ್ಯಾ, ಆ ಅಂಚನ್ನು ನಾನು ಅಂಗಡಿಯಲ್ಲಿ ಅರ್ಧ ಗಂಟೆ ನೋಡಿ ಆರಿಸಿದ್ದೆ. ಎಲ್ಲಿ ಕಂಡರೂ ಗುರುತಿಸುತ್ತೇನೆ.

ಪರದೆ ಎಳೆಯಬೇಕಾದವಳು ನಾನು. ಎಳೆಯಲಿಲ್ಲ. ಹುಡುಗಿಯರು ಕೊನೆಯ ಹಾಡನ್ನು ಎರಡು ಸಲ ಹಾಡಬೇಕಾಯಿತು. ಲಕ್ಷ್ಮಮ್ಮನವರು ಎದ್ದು ನಿಂತು, “ನಮ್ ಭವ್ಯ, ನಮ್ ಭವ್ಯ,” ಎಂದು ಅಮ್ಮನ ಕೈ ಹಿಡಿದು ಅಲ್ಲಾಡಿಸುತ್ತಿದ್ದರು. ನಾನು ಹಗ್ಗ ಹಿಡಿದುಕೊಂಡೇ ನಗುತ್ತಿದ್ದೆ, ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಗಾರ್ಗಿಯನ್ನು ಕೇಳಿದೆ, ನೀನು ಕರೆದೆಯಾ ಎಂದು. “ಇಲ್ಲ ಮೇಡಂ, ಅಕ್ಕಾನೇ ಬಂದು ತುದಿ ಹಿಡ್ಕೊಂಡ್ರು. ಕಡ್ಡಾಯ ಅಂದ್ರು,” ಎಂದಳು.

ನಿನಗೆ ಏನು ಬರೆಯಲಿ. ಬಣ್ಣ ನಿನಗೆ ಒಪ್ಪುತ್ತದೆ ಎಂದು ಬರೆಯುವ ಹಕ್ಕು ನನಗಿಲ್ಲ. ಆದರೂ ಕಣ್ಣು ನೋಡಿದ್ದನ್ನು ಬರೆಯುತ್ತಿದ್ದೇನೆ. ಒಪ್ಪುತ್ತದೆ.

ರಂಜನಿ

*

ಲಷ್ಕರ್ ಮೊಹಲ್ಲಾ
20 ಡಿಸೆಂಬರ್ 2024

ರಂಜಿ,

ಹೊರಟುಹೋದದ್ದು ಸಿಟ್ಟಿನಿಂದಲ್ಲ. ಆರನೆಯ ಭಾರತಮಾತೆ ವಾಪಸ್ಸು ಕೊಡುತ್ತೇವೆ ಎಂದು ಫೋನ್ ಬಂತು, ಅಂಗಡಿ ತೆಗೆಯಬೇಕಿತ್ತು. ಕಸುಬು ಕಸುಬೇ.

ಎರಡು ವರ್ಷ ಆ ಸೀರೆ ಬೀರುವಿನ ತಳದಲ್ಲಿತ್ತು. ಯಾರಿಗಾದರೂ ಕೊಟ್ಟುಬಿಡೋಣ ಅನ್ನಿಸಿತ್ತು, ಕೈ ಬರಲಿಲ್ಲ. ನಿನ್ನ ಗೌರಿಹಬ್ಬದ ಕಾಗದ ಬಂದ ಮೇಲೆ ಹೊರಗೆ ತೆಗೆದೆ. ರೇಷ್ಮೆಗೆ ಬೇರೆ ಬಣ್ಣ ಬೇಕು, ಬೇರೆ ಹಂಡೆ. ಅಂಚನ್ನು ಬಿಗಿಯಾಗಿ ಕಟ್ಟಿ ಮುಳುಗಿಸಿದೆ. ಕೋಲಿನಿಂದ ಎತ್ತಿದಾಗ ಹೊಗೆಯಾಡುತ್ತಾ ಬಂತು ನೋಡು, ಅತ್ತೆ ಏನೂ ಜೋಕು ಮಾಡಲಿಲ್ಲ. ಹಾಗಾದರೆ ಹೇಗೆ ಬಂದಿತ್ತು ಊಹಿಸಿಕೋ.

ಹಿಂದೆ ಬಾಗಿಲ ಹತ್ತಿರ ಹುಡುಗಿಯರಿಗೆ ನೆರಿಗೆ ಸರಿಮಾಡಿ ನಿಂತಿದ್ದೆ. ತಮಟೆ ಶುರುವಾಯಿತು. ದೇವಿಯ ಉಡುಗೆಯ ಹಿಂದಿನ ತುದಿ ನೆಲಕ್ಕೆ ತಾಕುತ್ತಿತ್ತು. ಮೂರು ವಾರ ನಾನು ಕೂತು ಚಿತ್ತಾರ ಬರೆದದ್ದು, ಕೊಳೆಯಾಗಲಿ ಎಂದು ಬಿಡುತ್ತೇನಾ? ಎತ್ತಿಕೊಂಡೆ. ಎತ್ತಿದ ಮೇಲೆ ನಡೆಯಲೇಬೇಕಲ್ಲ. ಗಾರ್ಗಿ ತಿರುಗಿ ನೋಡಿದಾಗ ಬಾಯಿಗೆ ಬಂದದ್ದು ನಿನ್ನ ಕಲ್ಲಿನ ಮಾತು.

ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೆ ಕಾಗದ ನಿಲ್ಲಿಸಬೇಡ. ಅತ್ತೆಗೆ ಫೋನಿನ ಮಾತು ಕೇಳಿಸುವುದಿಲ್ಲ, ಕಾಗದವಾದರೆ ಎರಡೆರಡು ಸಲ ಓದಿಸುತ್ತಾರೆ.

29ರ ಭಾನುವಾರ ಬಾ. ಒಬ್ಬಟ್ಟು ಮಾಡುತ್ತಾರಂತೆ, ತಪ್ಪಿದ ಮೂರು ಹಬ್ಬದ್ದೂ ಸೇರಿಸಿ. ತಿರುವಿನಲ್ಲಿ ನಿಲ್ಲಬೇಡ, ಅತ್ತೆ ಅಲ್ಲೇ ಕಾವಲು ಕೂರುವ ಮಾತಾಡುತ್ತಿದ್ದಾರೆ.

ಮೊರ ಗೌರಿಹಬ್ಬಕ್ಕೇ ತಾ, ಅಲ್ಲಿಯವರೆಗೂ ನಿಮ್ಮ ದೇವರ ಮನೆಯಲ್ಲಿರಲಿ. ಅವತ್ತು ತೆಗೆದಿಟ್ಟೆ ಅಂದೆಯಲ್ಲ, ಆ ರವಿಕೆ ಕಣ ಇನ್ನೂ ಇದ್ದರೆ ಮಾತ್ರ ಆ ಭಾನುವಾರವೇ ತಗೊಂಡು ಬಾ. ಬಣ್ಣದ ಒಲೆ ಇನ್ನೂ ಕಿತ್ತಿಲ್ಲ.

ನಿನ್ನ,
ಭವ್ಯ